ನೀರೊಳಗಿನ ಓ

ರಾಯಚೂರಿನ ಈಜುಕೊಳದ ಗೇಟಿಗೆ ಈ ಸಲವೂ ಬೀಗ. ಮಾನ್ವಿಯಿಂದ ಬೆಳಗಿನ ಬಸ್ಸಿಗೆ ನಿಂತುಕೊಂಡೇ ಬಂದ ನನಗೆ ಆ ಬೀಗ ನೋಡಿ ಮೈಯೆಲ್ಲ ಉರಿದುಹೋಯಿತು. ಕಾವಲಿನ ಖಾಜಾ ಭಾಯಿ ಒಳಗೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎದ್ದು ಬರುವ ತ್ರಾಸು ತೆಗೆದುಕೊಳ್ಳದೆ ಅಲ್ಲಿಂದಲೇ ಕೈ ಅಲ್ಲಾಡಿಸಿದರು.

“ಮೋಟರ್ ಖರಾಬ್ ಆಗ್ಯಾದ್ರಿ ಮೇಡಂ. ರಿಪೇರಿಗೆ ಕಳಸ್ಯಾರ.”

“ಹೋದ ತಿಂಗಳಾನೂ ಇದನ್ನ ಹೇಳಿದ್ರಿ ಭಾಯಿ.”

“ಹೋದ ತಿಂಗಳಾನೂ ಖರಾಬೇ ಇತ್ತಲ್ರಿ!”

ಇದಕ್ಕೆ ಏನು ಹೇಳುತ್ತೀರಿ? ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ಎರಡರ ನಡುವೆ ಕಾಲು ಚಾಚಿಕೊಂಡು ಕುಳಿತ ಊರು ಇದು. ಒಂದು ಹೊಂಡ ತುಂಬಿಸುವುದು ಮಾತ್ರ ಈ ಊರಿನ ಕೈಲಿ ಆಗುವುದಿಲ್ಲ. ಸಿಟ್ಟಿನಲ್ಲಿ ತಿರುಗಿ ಹೊರಟವಳು ಗೇಟಿನ ಪಕ್ಕದ ಗಟಾರದ ಹತ್ತಿರ ನಿಂತುಬಿಟ್ಟೆ. ಮಳೆಗಾಲದ ಕ್ರಿಮಿಗೆಂದು ಅಲ್ಲಿ ಯಾರೋ ಬ್ಲೀಚಿಂಗ್ ಪೌಡರ್ ಉದುರಿಸಿ ಹೋಗಿದ್ದರು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹೋದ ವರ್ಷದ ಬೇಸಿಗೆ ಪೂರ್ತಿ ನೆನಪಿಗೆ ಬಂತು. ಆ ಬೇಸಿಗೆಯಲ್ಲಿ ನನ್ನ ಸೀರೆ, ತಲೆಗೂದಲು, ಬುತ್ತಿಯ ರೊಟ್ಟಿ ಎಲ್ಲಕ್ಕೂ ಇದೇ ವಾಸನೆ ಇತ್ತು.

ನಾನು ದೇವದುರ್ಗದವಳು. ಮಾನ್ವಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಊರ ಬಾವಿಯಲ್ಲಿ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತು, ಕಲಬುರಗಿಯಲ್ಲಿ ಓದುವಾಗ ಕಾಲೇಜಿನ ಪರವಾಗಿ ಸ್ಪರ್ಧೆಗೆ ಇಳಿದು, ಪ್ರತಿ ಸಲವೂ ಗೋಡೆಯ ಹತ್ತಿರ ಸೋತವಳು. ನೆಟ್ಟಗೆ ಈಜುವಾಗ ಯಾರಿಗೂ ಕಡಿಮೆ ಇರಲಿಲ್ಲ. ಗೋಡೆ ಮುಟ್ಟಿ ತಿರುಗುವಷ್ಟರಲ್ಲಿ ಪಟ್ಟಣದ ಹುಡುಗಿಯರು ಮುಂದೆ ಹೋಗಿರುತ್ತಿದ್ದರು. ಬಾವಿಯಲ್ಲಿ ತಿರುಗುವುದನ್ನು ಯಾರು ಕಲಿಸುತ್ತಾರೆ? ಆ ಸಂಕಟ ನನ್ನ ಹೊಟ್ಟೆಯೊಳಗೆ ಹಾಗೇ ಉಳಿದಿತ್ತು.

ಹುಲಿಗೆಮ್ಮನನ್ನು ನಾನು ಮೊದಲು ನೋಡಿದ್ದು ಬಸ್ಸಿನ ಕಿಟಕಿಯಿಂದ. ಮಳೆಗಾಲದ ಒಂದು ಸಂಜೆ ನೀರಮಾನ್ವಿ ಕಡೆಯಿಂದ ಬರುತ್ತಿದ್ದೆ. ಕಾಲುವೆಯ ಸೇತುವೆಯ ಮೇಲೆ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದ. ಕೆಳಗೆ ಕೆಂಪು ನೀರಿನಲ್ಲಿ ಹುಡುಗರ ಗುಂಪೊಂದು ಈ ದಂಡೆಯಿಂದ ಆ ದಂಡೆಗೆ ಈಜುತ್ತಿತ್ತು. ಅವರನ್ನೆಲ್ಲ ಹಿಂದೆ ಹಾಕಿ ಒಬ್ಬಳು ಹುಡುಗಿ ಆ ದಂಡೆ ಮುಟ್ಟಿ, ಒದ್ದು, ವಾಪಸ್ಸು ಬರುತ್ತಿದ್ದಳು. ಲಂಗ ಎತ್ತಿ ಕಟ್ಟಿದ್ದಳು, ಕೈ ಬೀಸುವುದರಲ್ಲಿ ಒಂದಿಷ್ಟೂ ಅವಸರ ಇರಲಿಲ್ಲ. ಈಚೆ ದಂಡೆಯಲ್ಲಿ ಹೆಂಗಸರು ತಲೆ ಬಗ್ಗಿಸಿ ಬಟ್ಟೆ ಒಗೆಯುತ್ತಿದ್ದರು. ಹಾರ್ನಿನ ಗದ್ದಲದಲ್ಲಿ ನನಗೆ ಬೇರೇನೂ ಕೇಳಲಿಲ್ಲ. ಆವತ್ತು ಆ ಡ್ರೈವರ್ ಎರಡು ನಿಮಿಷ ಸುಮ್ಮನಿದ್ದಿದ್ದರೆ ನನ್ನ ಅರ್ಧ ಬೇಸಿಗೆ ಉಳಿಯುತ್ತಿತ್ತು.

ಹುಡುಗಿ ನನ್ನದೇ ಶಾಲೆಯವಳು ಎಂದು ಮರುದಿನ ಗೊತ್ತಾಯಿತು. ಒಂಬತ್ತನೇ ಕ್ಲಾಸು, ಹಿಂದಿನ ಬೆಂಚು. ನನ್ನ ಡ್ರಿಲ್ಲಿನಲ್ಲಿ ಎಡಗಾಲು ಬಲಗಾಲು ತಪ್ಪಿಸುವವರ ಪೈಕಿ ಆಕೆಯೇ ಮೊದಲಿಗಳು. ಕ್ರೀಡಾ ವಸತಿ ಶಾಲೆಗೆ ಈಜುಗಾರ್ತಿಯರನ್ನು ಬೇಸಿಗೆಯ ಕೊನೆಗೆ ಆರಿಸುತ್ತಾರೆ, ಊಟ, ವಸತಿ, ಓದು, ತರಬೇತಿ ಎಲ್ಲ ಅವರದೇ. ವಯಸ್ಸಿನ ಲೆಕ್ಕದಲ್ಲಿ ಹುಲಿಗೆಮ್ಮನಿಗೆ ಅದೊಂದೇ ಸಲ ಅವಕಾಶವಿತ್ತು. ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿಲ್ಲ.

ಬೇಸಿಗೆ ರಜೆ ಶುರುವಾದಾಗ ಅವರ ಮನೆಗೆ ಹೋದೆ. ಕಾಲುವೆ ಆಗಲೇ ಬತ್ತಿತ್ತು, ತಳದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಅಪ್ಪ ಕುರಿಹಿಂಡಿನ ಜೊತೆ ವರ್ಷದ ಅರ್ಧ ಭಾಗ ಹೊರಗೇ ಇರುವವರು. ಮನೆ ನಡೆಸುವುದು ತಾಯಿ ದ್ಯಾವಮ್ಮ. ನಾನು ಹೇಳಿದ್ದನ್ನೆಲ್ಲ ಕೇಳಿ, ಬಹಳ ಹೊತ್ತು ಮಗಳ ಮುಖ ನೋಡಿ, ಕೊನೆಗೆ ಅಂದರು:

“ನಿಮ್ಮ ಉಡ್ಯಾಗ ಹಾಕೀನ್ರೀ ಅಕ್ಕೋರ. ನೀರಿನ ಕೆಲಸ, ಹುಷಾರು.” ನಂತರ ಮಗಳ ಕಡೆ ತಿರುಗಿ, “ಅಕ್ಕೋರು ಕರದ್ರ ಓ ಅನ್ನಬೇಕು. ನಾ ಅಲ್ಲಿ ಇರಂಗಿಲ್ಲ. ತಿಳೀತಿಲ್ಲ?”

“ಹೂಂ ಯವ್ವಾ.”

ವಿಧೇಯಳಾಗಿರು ಎಂದು ಹೇಳುತ್ತಿದ್ದಾರೆ ಅಂದುಕೊಂಡು ನಾನು ಖುಷಿಪಟ್ಟೆ.

ರಾಯಚೂರಿನಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದೆ. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು. ಮಧ್ಯಾಹ್ನ ಆ ಕಲ್ಲಿನ ಮೇಲೆ ರೊಟ್ಟಿ ತಟ್ಟಿ ಹಾಕಿದರೆ ಬೇಯುತ್ತಿತ್ತೇನೋ. ಈಜುಕೊಳದಲ್ಲಿ ಹೆಂಗಸರಿಗೆ ಬೆಳಿಗ್ಗೆ ಒಂದೇ ತಾಸು. ಅದರಲ್ಲೂ ಒಂದು ದಿನ ನೀರು ಹಸಿರು, ಒಂದು ದಿನ ಮೋಟರು ಕೆಟ್ಟಿದೆ, ಒಂದು ದಿನ ಯಾರೋ ಸಾಹೇಬರ ಮನೆಯವರು ಬರುತ್ತಾರೆಂದು ನಮ್ಮನ್ನು ಹೊರಗೆ ನಿಲ್ಲಿಸುವುದು. ಖಾಜಾ ಭಾಯಿ ಪೌಡರ್ ಹಾಕುವುದರಲ್ಲಿ ಮಾತ್ರ ಕೈ ಹಿಡಿಯುತ್ತಿರಲಿಲ್ಲ. ಕಣ್ಣು ಕೆಂಪಗೆ ಮಾಡಿಕೊಂಡು ಇಬ್ಬರೂ ಕೋಣೆಗೆ ಮರಳುತ್ತಿದ್ದೆವು.

ಹುಡುಗಿ ನೆಟ್ಟಗೆ ಈಜಿದರೆ ನೋಡಲು ಎರಡು ಕಣ್ಣು ಸಾಲದು. ಆದರೆ ನೂರು ಮೀಟರಿನ ಸ್ಪರ್ಧೆ ನೆಟ್ಟಗೆ ಇರುವುದಿಲ್ಲ. ನಮ್ಮದು ಇಪ್ಪತ್ತೈದು ಮೀಟರಿನ ಕೊಳ. ಐವತ್ತಕ್ಕೆ ಒಂದು ಸಲ, ನೂರಕ್ಕೆ ಮೂರು ಸಲ ಗೋಡೆಯಲ್ಲಿ ತಿರುಗಬೇಕು. ಗೋಡೆ ಹತ್ತಿರ ಬಂದಾಗ ನೀರಿನಲ್ಲೇ ಪಲ್ಟಿ ಹೊಡೆದು, ಪಾದ ಊರಿ, ಕೈ ಎರಡೂ ತಲೆಯ ಮುಂದೆ ಜೋಡಿಸಿ ಕಿವಿ ಮುಚ್ಚುವಂತೆ ಬಿಗಿಹಿಡಿದು ಒದೆಯಬೇಕು. ಆಮೇಲೆ ನೀರಿನಡಿಯಲ್ಲೇ ಎರಡೂ ಕಾಲು ಕೂಡಿಸಿ, ಸೊಂಟದಿಂದ, ಮೀನು ಬಾಲ ಬಡಿದ ಹಾಗೆ ನಾಲ್ಕೈದು ಕಿಕ್. ಇಷ್ಟು ಹೊತ್ತೂ ಮೂಗಿನಿಂದ ಉಸಿರು ಬಿಡುತ್ತಿರಬೇಕು. ಮೇಲೆ ಬಂದ ಮೇಲೂ ಮೊದಲ ಎರಡು ಕೈ ಬೀಸುವ ತನಕ ಉಸಿರಿಗೆಂದು ಮುಖ ತಿರುಗಿಸಬಾರದು. ಗೋಡೆ ಒದ್ದಾಗ ಸಿಕ್ಕುವ ವೇಗ ಕೈಯಿಂದ ಎಂದೂ ಸಿಗುವುದಿಲ್ಲ. ಆಗ ತಲೆ ಎತ್ತಿದರೆ ಇಳಿಜಾರಿನಲ್ಲಿ ಬರುತ್ತಿದ್ದ ಟ್ರ್ಯಾಕ್ಟರಿಗೆ ಬ್ರೇಕ್ ಒತ್ತಿದ ಹಾಗೆ.

ಪಲ್ಟಿಯನ್ನು ಹುಲಿಗೆಮ್ಮ ಬೇಗ ಕಲಿತಳು. ಮೂಗಿನಲ್ಲಿ ನೀರು ಹೋಗಿ ಅತ್ತಳು, ಸೀನಿದಳು, ಮತ್ತೆ ಇಳಿದಳು. ಕಿಕ್ ಕೂಡ ಬಂತು. ಎಲ್ಲ ಬಂದ ಮೇಲೆ ನೋಡಿದರೆ ಒಂದು ವಿಚಿತ್ರ ಶುರುವಾಯಿತು. ಗೋಡೆ ಒದ್ದ ಕೂಡಲೇ, ಒಂದು ಕಿಕ್ ಹೊಡೆಯುವುದರೊಳಗೆ, ತಲೆ ಭಕ್ಕನೆ ನೀರಿನಿಂದ ಹೊರಗೆ. ಬಾಯಿ ಅಗಲ. ಒಳಗೆ ಬಿಡಬೇಕಾದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಮತ್ತೆ ಎಳೆದುಕೊಂಡು, ಆಮೇಲೆ ಈಜು. ಅಷ್ಟರಲ್ಲಿ ಗೋಡೆ ಕೊಟ್ಟ ವೇಗ ಎಲ್ಲ ನೀರುಪಾಲು.

“ಒಳಗ ಬಿಡಬೇ ಉಸರು! ಒಳಗ!”

“ಆತ್ರೀ ಅಕ್ಕೋರ.”

ಮುಂದಿನ ಸಲ ಅದೇ. ಅದರ ಮುಂದಿನ ಸಲವೂ ಅದೇ. ದಂಡೆಯ ಮೇಲೆ ಓಡಾಡಿ ನನ್ನ ಚಪ್ಪಲಿ ಸವೆಯಿತು, ಕೂಗಿ ಗಂಟಲು ಹರಿಯಿತು. ಕೋಣೆಯಲ್ಲಿ ಬಕೆಟ್ ತುಂಬಿಸಿ ಮುಖ ಅದ್ದಿಸಿದೆ. ಬಕೆಟ್ಟಿನಲ್ಲಿ ಗುಳುಗುಳು ಎಂದು ಎಷ್ಟು ಬೇಕಾದರೂ ಗುಳ್ಳೆ ಬಿಡುತ್ತಿದ್ದಳು! ಕೊಳದ ತಳಕ್ಕೆ ಬಳೆ ಎಸೆದು ತರಲು ಹೇಳಿದರೆ ನಿಧಾನವಾಗಿ ಹುಡುಕಿ, ತಂದು, ನನ್ನ ಕೈಗಿಟ್ಟು ಹಲ್ಲು ಕಿರಿಯುತ್ತಿದ್ದಳು. ನೀರಿನ ಭಯ ಇಲ್ಲ, ಉಸಿರಿನ ಕೊರತೆ ಇಲ್ಲ. ಗೋಡೆ ಒದ್ದಾಗ ಮಾತ್ರ ಈ ರೋಗ. ಬೇಕೆಂದೇ ಮಾಡುತ್ತಿದ್ದಾಳೆ ಎಂದು ಸಂಶಯ ಬಂತು. ನನ್ನಂಥವಳ ಕೈಗೆ ಇಂಥ ಹುಡುಗಿ ಸಿಕ್ಕೂ, ನಾನು ಸೋತ ಅದೇ ಗೋಡೆಯ ಹತ್ತಿರವೇ ಅವಳೂ ಸೋಲುವುದೆಂದರೆ ಎಂಥ ಸಂಕಟ! ಒಂದು ದಿನ ಸಿಟ್ಟು ತಡೆಯದೆ ಕೈಲಿದ್ದ ಸೀಟಿಯನ್ನು ನೀರಿಗೆ ಎಸೆದೆ. ಹುಲಿಗೆಮ್ಮ ಮುಳುಗಿ ಅದನ್ನೂ ತಂದುಕೊಟ್ಟಳು.

ಖಾಜಾ ಭಾಯಿ ಇದನ್ನೆಲ್ಲ ಮೋಟರ್ ಮನೆಯ ಬಾಗಿಲಿನಿಂದ ನೋಡುತ್ತಿದ್ದರು. “ಏನೋ ಅಂತಾಳ್ರಿ ಮೇಡಂ ಹುಡುಗಿ, ಮ್ಯಾಲ ಬಂದಾಗ,” ಅಂದರು.

“ಏನು ಅಂತಾಳ?”

“ಮಾಲೂಮ್ ಇಲ್ರಿ. ಏನೋ ಅಂತಾಳ.”

ಅಂದು ಸಂಜೆ ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದೆವು. ಕರೆಂಟು ಹೋಗಿತ್ತು. ಹುಲಿಗೆಮ್ಮ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಮಂಡಾಳು ಒಗ್ಗರಣೆ ತಿನ್ನುತ್ತಿದ್ದಳು. ಸಿಟ್ಟಿನ ಧ್ವನಿ ಬದಿಗಿಟ್ಟು ಕೇಳಿದೆ:

“ಗ್ವಾಡಿ ಒದ್ದ ಮ್ಯಾಲ ಬಾಯಿ ತಗದು ಏನಂತೀಬೇ?”

ಅವಳು ತಿನ್ನುವುದು ನಿಲ್ಲಿಸಿದಳು. “ಓ ಅಂತೀನ್ರೀ.”

“ಓ? ಯಾಕ?”

“ನಮ್ಮವ್ವ ಕರದಂಗ ಆಗ್ತದ್ರೀ.”

ಆಮೇಲೆ ಒಂದೊಂದೇ ಮಾತು ಹೊರಬಂತು. ಕಾಲುವೆಯಲ್ಲಿ ಹೆಂಗಸರು ಬಟ್ಟೆ ಒಗೆಯುವಾಗ ಮಕ್ಕಳು ನೀರಿಗೆ ಬೀಳುತ್ತಾರೆ. ಕೈಯಲ್ಲಿ ಕೆಲಸ, ತಲೆ ಎತ್ತಿ ನೋಡುತ್ತ ಕೂತರೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಅವರು ಮಕ್ಕಳನ್ನು ಕಣ್ಣಿನಿಂದ ಕಾಯುವುದಿಲ್ಲ, ಕಿವಿಯಿಂದ ಕಾಯುತ್ತಾರೆ. ತಲೆ ಬಗ್ಗಿಸಿಯೇ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ನೀರಿನಲ್ಲಿದ್ದವರು ಓ ಅನ್ನಬೇಕು. ಓ ಅನ್ನದವರಿಗೆ ಮರುದಿನ ನೀರು ಬಂದ್, ಮೇಲಿಂದ ಬೆನ್ನಿಗೆ ಎರಡು. ಆಚೆ ದಂಡೆ ಮುಟ್ಟಿದಾಗಲೇ ಮಗು ತಾಯಿಯಿಂದ ಎಲ್ಲಕ್ಕಿಂತ ದೂರ ಇರುತ್ತದಲ್ಲ, ದ್ಯಾವಮ್ಮ ಕರೆಯುವುದು ಆಗಲೇ. ದಂಡೆ ಒದ್ದು ತಿರುಗಿದ ಹುಲಿಗೆಮ್ಮ ಮೊದಲು ಮಾಡುತ್ತಿದ್ದ ಕೆಲಸ ಮುಖ ಎತ್ತಿ ಓ ಅನ್ನುವುದು. ನಡೆಯಲು ಕಲಿತಾಗಿನಿಂದ ಮಾಡಿದ ಕೆಲಸ.

“ಮದ್ಲ ಯಾಕ ಹೇಳಲಿಲ್ಲಬೇ ಇದನ್ನ?”

“ನೀವು ಕೇಳಲಿಲ್ಲಲ್ರೀ. ಮತ್ತ ನೀವೂ ದಂಡಿ ಮ್ಯಾಲ ನಿಂತು ಹೆಸರು ಹಿಡದು ಒದರತಿದ್ರಿ. ಓ ಅನ್ಲಿಲ್ಲಂದ್ರ ನಮ್ಮವ್ವ ಬೈತಾಳ್ರೀ.”

ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ನಾನು ತುಟಿ ಬಿಚ್ಚದೆ ನಿಂತೆ. ಪ್ರಯೋಜನವಾಗಲಿಲ್ಲ. ಗೋಡೆ ಒದ್ದಳು, ತಲೆ ಎತ್ತಿದಳು, ಓ ಅಂದಳು. ನಾನು ಕರೆಯದಿದ್ದರೇನು, ಗೋಡೆಯೇ ಕರೆಯುತ್ತಿತ್ತು. ಅದರ ಮರುದಿನವೂ ಹಾಗೇ. ಮೂರನೇ ದಿನ ನನ್ನ ತಾಳ್ಮೆ ಕಿತ್ತುಹೋಯಿತು. ನೀರಿನಿಂದ ಅವಳ ಮುಖ ಮೇಲೆ ಬಂದದ್ದೇ ಬಗ್ಗಿ ಕಿವಿಯ ಹತ್ತಿರ ಚೀರಿದೆ:

“ಓ ಅನ್ನೂದು ಬಿಡೂದು ಆಗಂಗಿಲ್ಲಂದ್ರ ನೀರಾಗ ಅನ್ನಬೇ! ನೀರಾಗ ಅನ್ನು, ಯಾರ ಬ್ಯಾಡಂತಾರ ನಿನಗ!”

ಅದು ಬೈಗುಳ, ಪಾಠವಲ್ಲ. ಹುಲಿಗೆಮ್ಮ ಮಾತ್ರ ಅದನ್ನು ಅಕ್ಷರಶಃ ತೆಗೆದುಕೊಂಡಳು. ಮುಂದಿನ ಸಲ ಗೋಡೆ ಒದ್ದಾಗ ನೀರಿನೊಳಗಿನಿಂದ ಗುಳ್ಳೆಗಳ ದೊಡ್ಡ ಗೊಂಚಲು ಎದ್ದಿತು. ಅದರ ಹಿಂದೆ ಸಣ್ಣ ಗುಳ್ಳೆಗಳ ಸಾಲು. ತಲೆ ಏಳಲಿಲ್ಲ. ಒಂದು ಕಿಕ್, ಎರಡು, ಮೂರು, ನಾಲ್ಕು. ಎಲ್ಲಿ ಹೋದಳೆಂದು ನಾನು ನೋಡುವಷ್ಟರಲ್ಲಿ ನನ್ನ ನಿರೀಕ್ಷೆಗಿಂತ ಎಷ್ಟೋ ಮುಂದೆ ಎದ್ದು, ಎರಡು ಕೈ ಬೀಸಿ, ಆಮೇಲೆ ಮುಖ ತಿರುಗಿಸಿ ಉಸಿರು ತೆಗೆದುಕೊಂಡಳು.

“ಅಂದ್ನಿರೀ,” ಅಂದಳು ಮೇಲೆ ಬಂದು. “ಒಳಗ ಅಂದ್ನಿ. ಕೇಳಿತೇನ್ರೀ?”

“ಕೇಳಿತು,” ಅಂದೆ. ಖುಷಿಗೆ ನನ್ನ ಕಣ್ಣು ತುಂಬಿತ್ತು. ಪೌಡರಿನ ಉರಿ ಎಂದು ಖಾಜಾ ಭಾಯಿಗೆ ಹೇಳಿದೆ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡೆನಲ್ಲ, ಅಲ್ಲೇ ಎಡವಿದೆ. ಆಯ್ಕೆ ಇದೇ ಕೊಳದಲ್ಲಿ ಇತ್ತು, ಆ ದಿನಕ್ಕೆ ದ್ಯಾವಮ್ಮನಿಗೆ ಹೇಳಿ ಕಳಿಸಿದ್ದೆ. ಮಗಳ ಈಜು ನೋಡಲಿ, ಒಪ್ಪಿಗೆಯ ಹೆಬ್ಬೆಟ್ಟೂ ಬೇಕಿತ್ತು. ಆಕೆ ಬೆಳಿಗ್ಗೆಯ ಬಸ್ಸು ಹಿಡಿದು, ಗಂಟಿನಲ್ಲಿ ಸಜ್ಜೆ ರೊಟ್ಟಿ, ಹಿಂಡಿ ಪಲ್ಯ ಕಟ್ಟಿಕೊಂಡು ಬಂದರು. ಕೊಳದ ನೀಲಿ ನೀರು ನೋಡಿ, “ಇಷ್ಟು ತಿಳಿ ಅದ, ತಳಾನೂ ಕಾಣ್ತದ,” ಎಂದು ಸಮಾಧಾನಪಟ್ಟು, ಆಚೆ ಗೋಡೆಯ ಹತ್ತಿರದ ಕಟ್ಟೆಯ ಮೇಲೆ ಕುಳಿತರು.

ಮೊದಲು ಐವತ್ತು ಮೀಟರ್, ಎರಡು ತಾಸು ಬಿಟ್ಟು ನೂರು. ಎರಡರಲ್ಲಿ ಒಂದನ್ನು ಗೆದ್ದರೂ ಸಾಕು. ಐವತ್ತರಲ್ಲಿ ಹುಲಿಗೆಮ್ಮ ಚೆನ್ನಾಗಿಯೇ ಹೊರಟಳು. ಎಲ್ಲರಿಗಿಂತ ಮುಂಚೆ ಗೋಡೆಗೆ ಬಂದಳು, ಪಲ್ಟಿ ಹೊಡೆದಳು, ಮಾಯವಾದಳು.

“ಹುಲಿಗೆಮ್ಮಾ!”

ದ್ಯಾವಮ್ಮ ಗೋಡೆಯ ಬುಡವನ್ನೇ ನೋಡುತ್ತಿದ್ದರು. ಕಾಲುವೆಯಲ್ಲಿ ತಲೆ ಏಳುತ್ತಿದ್ದದ್ದು ಅಲ್ಲಿಯೇ. ಅಲ್ಲಿ ತಲೆ ಇರಲಿಲ್ಲ, ಓ ಇರಲಿಲ್ಲ.

“ಹುಲಿಗೆಮ್ಮಾ! ಯವ್ವಾ ನನ ಮಗಳ! ಯಾರರ ಹಿಡೀರ್ಯೋ!”

ಸೀರೆ ಎತ್ತಿ ಕಟ್ಟಿ ಕೊಳದ ಅಂಚಿಗೆ ಓಡಿದರು. ಖಾಜಾ ಭಾಯಿ ಹೋಗಿ ಅಡ್ಡ ನಿಂತಿರದಿದ್ದರೆ ನೀರಿಗೆ ಹಾರಿಯೇ ಬಿಡುತ್ತಿದ್ದರು. ಅಷ್ಟರಲ್ಲಿ ಹುಲಿಗೆಮ್ಮ ಬಹಳ ಮುಂದೆ ಎದ್ದು, ಎರಡು ಕೈ ಬೀಸಿಯೂ ಆಗಿತ್ತು. ತಾಯಿಯ ಧ್ವನಿ ಕಿವಿಗೆ ಬಿದ್ದದ್ದೇ, ಸ್ಪರ್ಧೆಯ ನಡುವೆ, ನೀರಿನಲ್ಲಿ ನಿಂತು ಹಿಂತಿರುಗಿದಳು.

“ಓ ಯವ್ವಾ! ಇಲ್ಲೇ ಅದೀನಿ!”

ಉಳಿದ ಹುಡುಗಿಯರು ಅವಳ ಎಡಬಲದಿಂದ ದಾಟಿ ಹೋದರು. ನೋಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ನನಗೆ ಆ ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದ್ಯಾವಮ್ಮನನ್ನು ಮೋಟರ್ ಮನೆಯ ಹಿಂದೆ ಕರೆದುಕೊಂಡು ಹೋದವಳು ಬಾಯಿಗೆ ಬಂದದ್ದೆಲ್ಲ ಅಂದೆ. ರೀ ಹಚ್ಚುವುದೂ ಮರೆತುಹೋಗಿತ್ತು.

“ಏನ್ ಮಾಡಿದೆ ಗೊತ್ತೇನು ದ್ಯಾವಮ್ಮಾ? ಎರಡು ತಿಂಗಳಿಂದ ಸತ್ತು ಸುಣ್ಣ ಆಗೀನಿ ನಾನು! ಎಲ್ಲಾರಕಿಂತ ಮುಂದ ಇದ್ಲು ಆಕಿ!”

ಆಕೆ ಬಿಟ್ಟುಕೊಡಲಿಲ್ಲ.

“ಕರದ್ನಿರೀ. ಓ ಅನ್ಲಿಲ್ಲ. ಕರದ್ರ ಓ ಅನ್ಲಿಲ್ಲಂದ್ರ ನಾ ಏನು ತಿಳ್ಕೊಬೇಕು, ನೀವ ಹೇಳ್ರಿ.”

ಹಿಂದೆ ನಿಂತಿದ್ದ ಹುಲಿಗೆಮ್ಮ ಮೆಲ್ಲಗೆ, “ಅಂದ್ನಿ ಯವ್ವಾ. ನೀರಾಗ ಅಂದ್ನಿ,” ಅಂದಳು.

ಕೊಳದ ಆಳ ಕಡಿಮೆ ಇರುವ ಕಡೆ ಮೆಟ್ಟಿಲ ಹತ್ತಿರ ಹೋದೆವು. ಹುಲಿಗೆಮ್ಮ ನೀರಿನಲ್ಲಿ ಮುಳುಗಿ ಕುಳಿತಳು. “ಈಗ ಕರೀರಿ,” ಅಂದೆ ದ್ಯಾವಮ್ಮನಿಗೆ. ಆಕೆ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ನೀರಿಗೆ ಮುಖ ಹತ್ತಿರ ಒಯ್ದು ಕರೆದರು. ಒಳಗಿನಿಂದ ಗುಳ್ಳೆಗಳು ಎದ್ದು ಆಕೆಯ ಮೂಗಿನ ಮುಂದೆಯೇ ಒಡೆದವು.

“ಇದು ಓ ಅಂದಂಗೇನ್ರೀ?”

“ಹೂಂ. ಗುಳ್ಳಿ ಬಂದ್ವಂದ್ರ ಓ ಅಂದಂಗ. ಗ್ವಾಡಿ ಹತ್ತಿರ ತಲಿ ಹುಡಕಬ್ಯಾಡ್ರಿ. ಗುಳ್ಳಿ ಹಿಂದ ಕಣ್ಣು ಒಯ್ರಿ. ಅವು ಎಲ್ಲಿ ಮುಗೀತಾವ, ಅಲ್ಲಿ ಮಗಳು ಏಳ್ತಾಳ.”

ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಕರೆದರು. ಗುಳ್ಳೆ. ಇನ್ನೊಮ್ಮೆ. ಮಗಳನ್ನು ಮುಳುಗಿಸಿ ಎಬ್ಬಿಸಿ, ಮುಳುಗಿಸಿ ಎಬ್ಬಿಸಿ, ನೂರು ಮೀಟರಿಗೆ ದಣಿವು ಆರಿಸಿಕೊಳ್ಳಬೇಕಾದ ಹುಡುಗಿಯನ್ನು ಅಲ್ಲೇ ಸುಸ್ತು ಮಾಡಿಬಿಡುತ್ತಾರೆ ಎಂದು ನನಗೆ ಹೊಸ ಕಳವಳ. “ಸಾಕು ಮಾಡ್ರಿ ಯವ್ವಾ!” ಎಂದು ಕೈ ಮುಗಿದ ಮೇಲೆ ಬಿಟ್ಟರು.

ನೂರು ಮೀಟರಿಗೆ ಹುಡುಗಿಯರು ಸಾಲಾಗಿ ನಿಂತಾಗ ದ್ಯಾವಮ್ಮನ ಪಕ್ಕದಲ್ಲೇ ಕುಳಿತೆ. ಬಾಯಿಗೆ ಕೈ ಇಡಲಾದರೂ ಹತ್ತಿರ ಇರಬೇಕೆಂದು. ಮೊದಲ ಟರ್ನ್. ದ್ಯಾವಮ್ಮ ತುಟಿಯೊಳಗೇ “ಹುಲಿಗೆಮ್ಮಾ” ಅಂದರು. ಗುಳ್ಳೆಗಳು ಎದ್ದವು. ಆಕೆಯ ಕಣ್ಣು ಗುಳ್ಳೆಗಳ ಹಿಂದೆ ಹರಿದು, ಅವು ಮುಗಿದ ಕಡೆ ತಲೆ ಎದ್ದಾಗ, “ಅಂದ್ಲು,” ಎಂದು ನನಗೆ ಹೇಳಿದರು. ಎರಡನೇ ಟರ್ನ್ ಆ ಕಡೆಯ ಗೋಡೆಗೆ. ದೂರವಾದರೂ ಕತ್ತು ಉದ್ದ ಮಾಡಿ ನೋಡಿ, “ಅಂದ್ಲು.”

ಮೂರನೇ ಟರ್ನಿಗೆ ಹುಲಿಗೆಮ್ಮ ಮತ್ತು ಪಕ್ಕದ ಹುಡುಗಿಯರಿಬ್ಬರು ಒಟ್ಟಿಗೇ ನಮ್ಮ ಕಡೆಯ ಗೋಡೆಗೆ ಬಂದರು. ಮೂವರೂ ಒಮ್ಮೆಲೇ ಪಲ್ಟಿ ಹೊಡೆದಾಗ ನೀರೆಲ್ಲ ಬೆಳ್ಳಗೆ ನೊರೆ. ಯಾರ ಗುಳ್ಳೆ ಯಾವುದು, ಯಾರು ಎಲ್ಲಿ, ಒಂದೂ ಕಾಣಲಿಲ್ಲ. ದ್ಯಾವಮ್ಮ ನನ್ನ ಮುಂಗೈ ಹಿಡಿದರು. ಆ ಹಿಡಿತಕ್ಕೆ ನನ್ನ ಎರಡು ಬಳೆ ಒಡೆದವು. ಎಡಕ್ಕೆ ಒಬ್ಬಳ ತಲೆ ಎದ್ದಿತು. ಹುಲಿಗೆಮ್ಮ ಅಲ್ಲ. ಬಲಕ್ಕೆ ಇನ್ನೊಬ್ಬಳು. ಅವಳೂ ಅಲ್ಲ. ದ್ಯಾವಮ್ಮನ ಬಾಯಿ ತೆರೆಯಿತು. ಈಗ ಕೂಗುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಆಕೆ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕಣ್ಣು ಬಿಟ್ಟು ಕುಳಿತರು. ಆ ಹೆಂಗಸು ಆಗ ಉಸಿರಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ.

ಇಬ್ಬರಿಗಿಂತ ಒಂದು ಮಾರು ಮುಂದೆ ಹುಲಿಗೆಮ್ಮನ ತಲೆ ಎದ್ದಿತು.

ಅವಳೇ ಮೊದಲು ಬಂದಳು. ಗೋಡೆ ಮುಟ್ಟಿ, ಯಾರು ಗೆದ್ದರೆಂದು ಕೇಳದೆ, ತಾಯಿ ಕುಳಿತ ಕಡೆ ತಿರುಗಿದಳು. ಆಗ ದ್ಯಾವಮ್ಮ ಬಾಯಿಯಿಂದ ಸೆರಗು ತೆಗೆದು, ಕೊಳವೆಲ್ಲ ಕೇಳುವ ಹಾಗೆ ಕರೆದರು. ಅವಳು ಅದಕ್ಕಿಂತ ಜೋರಾಗಿ ಓಗೊಟ್ಟಳು.

ಆಯ್ಕೆ ಮಾಡಲು ಬಂದಿದ್ದ ಸಾಹೇಬರು ನನ್ನನ್ನು ಕರೆದು, “ಟರ್ನ್ ಚೆನ್ನಾಗಿದೆ ಮೇಡಂ. ಆದರೆ ಗೋಡೆ ಒದ್ದ ಕೂಡಲೇ ಇಷ್ಟೊಂದು ಗುಳ್ಳೆ ಯಾಕೆ ಬಿಡುತ್ತಾಳೆ? ಉಸಿರು ಒಮ್ಮೆಲೇ ಬಿಡಬಾರದು, ಸಣ್ಣಗೆ ಬಿಡಬೇಕು, ಅಷ್ಟೂ ಕಲಿಸಿಲ್ಲವೇ?” ಅಂದರು. ಅವರು ಹೇಳಿದ್ದು ಸರಿಯೇ. ಹಾಗೆಂದು ಸಿಟ್ಟು ಬರಬಾರದೆಂದೇನಿಲ್ಲವಲ್ಲ. ಹಲ್ಲು ಕಚ್ಚಿಕೊಂಡು “ಆಯ್ತು ಸರ್” ಅಂದೆ.

ಆ ಜೂನಿನಲ್ಲಿ ಹುಲಿಗೆಮ್ಮ ವಸತಿ ಶಾಲೆಗೆ ಹೋದಳು, ಈಗಲೂ ಅಲ್ಲೇ ಓದುತ್ತಿದ್ದಾಳೆ. ಅವಳ ತಂಗಿ ದುರಗವ್ವ ಈಗ ನನ್ನ ಎಂಟನೇ ಕ್ಲಾಸಿನಲ್ಲಿದ್ದಾಳೆ. ಅಕ್ಕನಿಗಿಂತ ಉದ್ದ ಕೈ. ಅವಳಿಗೋಸ್ಕರವೇ ಈ ಬೀಗದ ಮುಂದೆ ಮೂರು ಸಲ ನಿಂತದ್ದು ನಾನು.

“ಯಾವಾಗ ಶುರುವಾಗ್ತದ ಭಾಯಿ?” ಗಟಾರದ ಹತ್ತಿರದಿಂದಲೇ ಕೂಗಿ ಕೇಳಿದೆ.

“ನೀರು ಬಂದ್ರ ಶುರುರಿ ಮೇಡಂ!”

ಸಂಜೆಯ ಬಸ್ಸು ಹಿಡಿದು, ದ್ಯಾವಮ್ಮನಿಗೆ ಈ ಸುಡುಗಾಡು ಸುದ್ದಿ ಹೇಳಿಯೇ ಹೋಗೋಣವೆಂದು ಕಾಲುವೆಯ ಸೇತುವೆಯಲ್ಲಿ ಇಳಿದೆ. ನಾಟಿಗೆಂದು ಕಾಲುವೆಗೆ ನೀರು ಬಿಟ್ಟಿದ್ದರು, ದಂಡೆ ತುಂಬಿ ಹರಿಯುತ್ತಿತ್ತು. ಬಸ್ಸು ಹೋದ ಮೇಲೆ ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಕೆಳಗೆ ಹೆಂಗಸರು ತಲೆ ಬಗ್ಗಿಸಿ ಬಟ್ಟೆ ಒಗೆಯುತ್ತಿದ್ದರು. ಒಬ್ಬೊಬ್ಬರೂ ತಮ್ಮ ಮಕ್ಕಳನ್ನು ಕರೆಯುತ್ತಿದ್ದರು, ನೀರಿನಿಂದ ಉತ್ತರ ಬರುತ್ತಿತ್ತು. ದ್ಯಾವಮ್ಮ ಮೆಟ್ಟಿಲ ಕೊನೆಯಲ್ಲಿದ್ದರು. ಮೊದಲು ಕಿರಿಯ ಮಗನನ್ನು ಕರೆದರು.

“ಯಂಕೋಬಾ!”

“ಓ!”

“ದುರಗವ್ವಾ!”

“ಓ!”

“ಹುಲಿಗೆಮ್ಮಾ!”

ಬಾಯಿತಪ್ಪಿ ಬಂತೇನೋ ಅಂದುಕೊಂಡೆ. ಆದರೆ ಆಕೆ ಎತ್ತಿದ ಬಟ್ಟೆಯನ್ನು ಕಲ್ಲಿಗೆ ಬಡಿಯದೆ ಹಾಗೇ ಹಿಡಿದು ನಿಂತರು. ಉಳಿದ ಹೆಂಗಸರೂ ಸುಮ್ಮನಾದರು, ಇದು ಅವರಿಗೆ ರೂಢಿಯೇ ಇದ್ದ ಹಾಗಿತ್ತು. ನೀರು ಹರಿಯುವ ಸದ್ದು ಮಾತ್ರ. ಇಡೀ ದಿನ ಹಾಳಾದ ಸಿಟ್ಟಿತ್ತು ನನ್ನೊಳಗೆ, ಅದರ ಮೇಲೆ ಇದೊಂದು. ನನ್ನಿಂದ ತಡೆಯಲಾಗಲಿಲ್ಲ.

“ಓ!” ಅಂದೆ ಸೇತುವೆಯ ಮೇಲಿನಿಂದ.

ದ್ಯಾವಮ್ಮ ತಲೆ ಎತ್ತಿಯೂ ನೋಡಲಿಲ್ಲ.

“ನೀವ್ಯಾಕ ಓ ಅಂತೀರಿ ಅಕ್ಕೋರ? ಸುಮ್ಮ ನಿಂದರ್ರಿ. ಆಕಿ ಇನ್ನಾ ನೀರಾಗ ಅದಾಳ.”